ಖಾಲಿ ಹಾಸಿಗೆಯ ಲೆಕ್ಕ ಹಿಡಿದ ವೀಣ

ವೀಣಳನ್ನು ನಾನು ಕಣ್ಣಾರೆ ನೋಡಿದ್ದು ಆಮೇಲೆ. ಮೊದಲು ಕೇಳಿದ್ದು ಅವಳ ದನಿ. ಸಂತೆಬಾಚಹಳ್ಳಿ ಹತ್ತಿರದ ಒಂದು ಊರಿನ ಬೀಗರೂಟದಲ್ಲಿ ನೂರಕ್ಕೂ ಹೆಚ್ಚು ಜನ ಒಟ್ಟಿಗೆ ಕಾಯಿಲೆ ಬಿದ್ದ ದಿನ, ಮೂರು ಗಂಟೆ ಕಾಲ ಆ ದನಿ ನನ್ನ ಕಿವಿಯಲ್ಲಿತ್ತು. ನಾನು, ನಂಜಪ್ಪ, ನಾಗಮಂಗಲದ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತನಾದವನು. ಕೂಡುವ ಲೆಕ್ಕ ತಪ್ಪಿದ ಮಕ್ಕಳ ಕಿವಿ ಹಿಂಡಿದವನು. ಒಂದು ಲೆಕ್ಕವನ್ನು ಎಲ್ಲಿಯವರೆಗೆ ಬಿಡಬಾರದು ಎಂಬುದನ್ನು ಅರವತ್ತಮೂರನೆಯ ವಯಸ್ಸಿನಲ್ಲಿ ನನಗೆ ಕಲಿಸಿದವಳು ಈ ಹೆಣ್ಣುಮಗಳು. ಆ ದಿನ ಕಳೆದ ಮೇಲೆ ಪಾಂಡವಪುರದಲ್ಲಿ ಅವಳ ಮನೆ ಹುಡುಕಿಕೊಂಡು ಹೋದೆ. ಅವಳು ಹೇಳಿದ್ದು, ಅವಳ ಜೊತೆಯವರು ಹೇಳಿದ್ದು, ನಾನೇ ಕಂಡದ್ದು ಎಲ್ಲ ಸೇರಿ ಇಷ್ಟಾಗಿದೆ.

ವೀಣ ಶ್ರೀರಂಗಪಟ್ಟಣದ ಅಕ್ಕಸಾಲಿ ಸುಬ್ರಹ್ಮಣ್ಯಾಚಾರ್ ಅವರ ಕಿರಿ ಮಗಳು. ಪಿಯುಸಿ ಮುಗಿಸಿ, ಕಂಪ್ಯೂಟರ್ ಕಲಿತು, ಪಾಂಡವಪುರದ ಮರಗೆಲಸದ ಪ್ರಸಾದನನ್ನು ಮದುವೆಯಾದಳು. ಪ್ರಸಾದ ಬಾಗಿಲು, ಕಿಟಕಿ, ದೇವರ ಮಂಟಪ ಮಾಡುತ್ತಾನೆ. ಮಗಳು ಸ್ನೇಹ ಹುಟ್ಟಿದ ಮೇಲೆ ವೀಣ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಟೈಪು ಮಾಡುವ ಕೆಲಸಕ್ಕೆ ಸೇರಿದ್ದಳು. ಪಹಣಿ, ಆಧಾರ್, ಪಿಂಚಣಿ ಅರ್ಜಿ, ಇಷ್ಟೇ ಅವಳ ಪ್ರಪಂಚ.

2021ರ ಮೇ ತಿಂಗಳಲ್ಲಿ ಕೊರೊನಾದ ಎರಡನೇ ಅಲೆ ನಮ್ಮ ಕಡೆ ಹಳ್ಳಿಹಳ್ಳಿಗೆ ನುಗ್ಗಿತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿಗೂ ಸೇರಿ ಪಾಂಡವಪುರದಲ್ಲಿ ಒಂದು ಕೋಣೆ ತೆರೆದರು. ಯಾವ ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ ಖಾಲಿ ಇದೆ ಎಂದು ಅಲ್ಲಿಂದ ಹೇಳಬೇಕು. ಟೈಪು ಬಲ್ಲವರು ಬೇಕಾಗಿತ್ತು. ಯಾರೂ ಮನೆಯಿಂದ ಹೊರಗೆ ಬರಲು ಒಪ್ಪುತ್ತಿರಲಿಲ್ಲ. ವೀಣ ಒಪ್ಪಿದಳು. ಪ್ರಸಾದ ಎರಡು ದಿನ ಮಾತು ಬಿಟ್ಟ. ಮೂರನೇ ದಿನ ಅವನೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ ಬಿಟ್ಟು ಬಂದ.

ಕೆಲಸ ಸುಲಭವಾಗಿಯೇ ಕಂಡಿತು. ಬೆಳಿಗ್ಗೆ ಹತ್ತು ಗಂಟೆಗೆ ಆಸ್ಪತ್ರೆಗಳ ಆಫೀಸಿನಿಂದ ಅಂಕಿ ಬರುತ್ತಿತ್ತು. ಅದನ್ನು ಕಂಪ್ಯೂಟರಿಗೆ ಹಾಕಬೇಕು. ಫೋನು ಬಂದರೆ ಅದನ್ನು ನೋಡಿ ಹೇಳಬೇಕು. ಆರನೇ ದಿನ ಮಧ್ಯಾಹ್ನ ಶೀಳನೆರೆಯಿಂದ ರಂಜಿತ ಎಂಬ ಹುಡುಗಿ ಫೋನು ಮಾಡಿದಳು. ಅವಳ ತಂದೆ ಕೆಂಪಣ್ಣನಿಗೆ ಉಸಿರು ಕಟ್ಟುತ್ತಿತ್ತು. ವೀಣ ಪಟ್ಟಿ ನೋಡಿ, ಇಂಥ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಸಿಗೆ ಎರಡು ಖಾಲಿ ಇವೆ, ಕರೆದುಕೊಂಡು ಹೋಗಿ ಎಂದಳು. ಆ ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಹನ್ನೊಂದು ಗಂಟೆಗೇ ಆ ಎರಡೂ ಹಾಸಿಗೆ ತುಂಬಿದ್ದವು. ಅಲ್ಲಿಂದ ಇನ್ನೊಂದು ಕಡೆಗೆ ಹೊರಟ ಕಾರಿನಲ್ಲೇ ಕೆಂಪಣ್ಣ ತೀರಿಕೊಂಡರು.

ಮಾರನೆಯ ದಿನ ರಂಜಿತ ಮತ್ತೆ ಫೋನು ಮಾಡಿದಳು. ಬೈಯುತ್ತಾಳೆ ಎಂದುಕೊಂಡೇ ವೀಣ ಫೋನು ಎತ್ತಿದಳು. ಹುಡುಗಿ ಬೈಯಲಿಲ್ಲ.

"ಅಕ್ಕಾ, ಒಂದು ಕೇಳ್ಬೇಕಿತ್ತು. ಆ ಮಂಚ ಖಾಲಿ ಅದೆ ಅಂದ್ರಲ್ಲ, ಅದನ್ನ ನೀವು ಯಾವಾಗ ನೋಡಿದ್ರಿ?"

ಆ ಮಂಚವನ್ನು ವೀಣ ನೋಡಿಯೇ ಇರಲಿಲ್ಲ. ಯಾವ ಮಂಚವನ್ನೂ ನೋಡಿರಲಿಲ್ಲ. ಅಂಕಿ ಕೊಟ್ಟ ಆಫೀಸಿನವರು ತಾನೇ ನೋಡಿದ್ದರೋ ಇಲ್ಲವೋ ಅದೂ ಗೊತ್ತಿರಲಿಲ್ಲ. "ತಪ್ಪಾಯ್ತು ಕಣಮ್ಮ" ಎಂದಷ್ಟೇ ಅಂದಳು. ಆ ಕಡೆ ಹುಡುಗಿ ಫೋನು ಇಟ್ಟಳು.

ಅವತ್ತು ಮನೆಗೆ ಹೋದ ವೀಣ ಊಟ ಮಾಡಲಿಲ್ಲ. ಕೆಲಸ ಬಿಟ್ಟುಬಿಡು ಎಂದು ಪ್ರಸಾದ ಹೇಳಿದ. ಬಿಡುವ ಮನಸ್ಸು ಅವಳಿಗೂ ಬಂದಿತ್ತಂತೆ. "ಆದ್ರೆ ನಾನು ಬುಟ್ರೆ ನಾಳೆ ಇನ್ನೊಬ್ಬಳು ಬಂದು ಇದೇ ಅಂಕಿ ಓದ್ತಾಳೆ, ಅಷ್ಟೇ ತಾನೇ ಅನ್ನುಸ್ತು ಮೇಷ್ಟ್ರೇ" ಎಂದು ನನ್ನ ಹತ್ತಿರ ಹೇಳಿದಳು. ಬೆಳಿಗ್ಗೆ ಎದ್ದವಳೇ ಕೋಣೆಯ ಮೇಲ್ವಿಚಾರಣೆ ನೋಡುತ್ತಿದ್ದ ಡಾಕ್ಟರ್ ದಿಲೀಪ್ ಹತ್ತಿರ ಹೋಗಿ, ನಾಲ್ಕು ದಿನ ಆಸ್ಪತ್ರೆಗಳನ್ನು ಸುತ್ತಿ ಬರಲು ಅಪ್ಪಣೆ ಕೇಳಿದಳು. ದಿಲೀಪ್ ನನ್ನ ಶಿಷ್ಯ. ಮಾತು ಕಡಿಮೆ. ಒಂದು ಪಿಪಿಇ ಕಿಟ್ಟು ತೆಗೆದು ಅವಳ ಕೈಗೆ ಕೊಟ್ಟನಂತೆ, ಅಷ್ಟೇ.

ಆ ನಾಲ್ಕು ದಿನದಲ್ಲಿ ಅವಳು ಕಂಡದ್ದು ಯಾವ ಪಟ್ಟಿಯಲ್ಲೂ ಇರಲಿಲ್ಲ. ಮಂಚ ಇದೆ, ಹಾಸಿಗೆ ಇಲ್ಲ. ಹಾಸಿಗೆ ಇದೆ, ಗೋಡೆಯಲ್ಲಿ ಆಕ್ಸಿಜನ್ ಕೊಳವೆಯೂ ಇದೆ, ಆದರೆ ಗಾಳಿ ಅಳೆದು ಬಿಡುವ ಮೀಟರು ಇಲ್ಲ. ಒಂದು ಕಡೆ ಮೂಲೆಯ ಮಂಚದ ಮೇಲೆ ಚಾವಣಿ ಸೋರುತ್ತಿತ್ತು. ಎಲ್ಲವೂ "ಖಾಲಿ" ಎಂದೇ ಬರೆದಿತ್ತು. ಯಾರೂ ಬೇಕೆಂದು ಸುಳ್ಳು ಬರೆದಿರಲಿಲ್ಲ. ಆಫೀಸಿನಲ್ಲಿ ಕೂತವರು ಹಳೆಯ ಪುಸ್ತಕ ನೋಡಿ ಬರೆದಿದ್ದರು. ವಾರ್ಡಿನೊಳಗೆ ಹೋಗಲು ಅವರಿಗೂ ಜೀವಭಯ.

ಅಂಥ ಒಂದು ವಾರ್ಡಿನಲ್ಲಿ ವೀಣಳಿಗೆ ಚಿಕ್ಕಬೋರಮ್ಮ ಸಿಕ್ಕಿದರು. ಐವತ್ತಾರು ವರ್ಷದ ಆಯಾ. ಊರಲ್ಲಿ ಎರಡು ಎಕರೆ ಗದ್ದೆ, ಮೂರು ಸೀಮೆಹಸು ಇದ್ದವರು. ಹಾಲು ಕರೆದು ಡೈರಿಗೆ ಹಾಕಿ ಏಳು ಗಂಟೆ ಬಸ್ಸಿಗೆ ಆಸ್ಪತ್ರೆಗೆ ಬರುವವರು. ಕಾಗದ ಹಿಡಿದುಕೊಂಡು ಮಂಚ ಎಣಿಸುತ್ತಿದ್ದ ವೀಣಳನ್ನು ನೋಡಿ ನಕ್ಕರಂತೆ.

"ಮಂಚ ಎಣ್ಸಿ ಏನ್ ಮಾಡೀಯೆ ಕಣವ್ವ? ಮಂಚದ ಮೇಲೆ ಮನ್ಸ ಮಲಗಿದ್ರೆ ಆಗೋಯ್ತಾ? ಗಾಳಿ ಬರ್ಬೇಕು, ಕಕ್ಕಸಿಗೆ ನೀರು ಬರ್ಬೇಕು, ಕೂಗಿದ್ರೆ ಓಗೊಡಾಕೆ ಒಬ್ಬಳು ಇರ್ಬೇಕು. ಇಷ್ಟೂ ಇದ್ರೆ ಒಂದು ಮಂಚ ಅನ್ನು."

"ಅಂಗಾದ್ರೆ ಈ ವಾರ್ಡಲ್ಲಿ ಎಷ್ಟು ಅವೆ ಬೋರಮ್ಮಾರೆ?"

"ಬರ್ಕೊಂಡಿರಾದು ಎಷ್ಟು?"

"ಒಂಬತ್ತು."

"ನಾಕು. ಆ ನಾಕನೇದ್ರಲ್ಲೂ ಇರೋ ಯಜಮಾನ್ರು ಸಂಜೆ ಮನೆಗೆ ಹೋಯ್ತಾರೆ, ಆಗ ಖಾಲಿ. ಈಗ ಮೂರು."

ವೀಣ ಅವರ ಮೊಬೈಲ್ ನಂಬರ್ ಬರೆದುಕೊಂಡಳು. ಆಮೇಲೆ ಪ್ರತಿ ಆಸ್ಪತ್ರೆಯಲ್ಲೂ ಇಂಥ ಒಬ್ಬೊಬ್ಬರನ್ನು ಹುಡುಕಿದಳು. ಆಯಾ, ನರ್ಸು, ಸ್ಟ್ರೆಚರ್ ತಳ್ಳುವವರು, ಯಾರು ದಿನಕ್ಕೆ ಹತ್ತು ಸಲ ವಾರ್ಡಿನಲ್ಲಿ ನಡೆದಾಡುತ್ತಾರೋ ಅವರು. ನಾಗಮಂಗಲದಲ್ಲಿ ದ್ಯಾವಯ್ಯ ಎಂಬ ವಾರ್ಡ್ ಅಟೆಂಡರ್. ಶ್ರೀರಂಗಪಟ್ಟಣದಲ್ಲಿ ತನುಶ್ರೀ ಎಂಬ ನರ್ಸು. ಹೀಗೆ ಹದಿನಾಲ್ಕು ಜನ. ಹೊಸ ಪಟ್ಟಿಯಲ್ಲಿ ಅಂಕಿಯ ಪಕ್ಕ ಎರಡು ಅಂಕಣ ಸೇರಿಸಿದಳು. ಯಾರು ನೋಡಿದ್ದು, ಎಷ್ಟು ಗಂಟೆಗೆ ನೋಡಿದ್ದು. ಎರಡು ಗಂಟೆ ದಾಟಿದ ಅಂಕಿಯನ್ನು ಅಳಿಸಿಬಿಡುತ್ತಿದ್ದಳು. ಮತ್ತೆ ನೋಡಿ ಹೇಳುವವರೆಗೆ ಆ ಜಾಗ ಬರಿದು.

ಮೊದಲ ದಿನವೇ ನಾಲ್ಕು ತಾಲ್ಲೂಕಿನ ಖಾಲಿ ಹಾಸಿಗೆ ಅರವತ್ತೊಂದರಿಂದ ಮೂವತ್ತೆಂಟಕ್ಕೆ ಇಳಿಯಿತು. ಒಬ್ಬ ಹಿರಿಯ ಅಧಿಕಾರಿ ಕೋಣೆಗೆ ಬಂದು, ಒಂದೇ ದಿನದಲ್ಲಿ ಇಪ್ಪತ್ತಮೂರು ಹಾಸಿಗೆ ಎಲ್ಲಿ ಹೋದವು, ಮೇಲಿನವರಿಗೆ ಏನೆಂದು ಬರೆಯಲಿ ಎಂದು ಗದರಿದರು.

"ಸಾರ್, ಎಲ್ಲೂ ಹೋಗಿಲ್ಲ. ಮೊದ್ಲೂ ಇರ್ಲಿಲ್ಲ" ಎಂದಳು ವೀಣ.

ಅವರು ದಿಲೀಪನ ಮುಖ ನೋಡಿದರು. ದಿಲೀಪ್, "ಹೌದು ಸಾರ್, ನಾನೂ ಹೋಗಿ ನೋಡಿಕೊಂಡು ಬಂದೆ" ಎಂದ. ಅಂಕಿ ಮೂವತ್ತೆಂಟು ಎಂದೇ ಹೋಯಿತು. ಅದರಿಂದ ಒಂದು ಒಳ್ಳೆಯದೂ ಆಯಿತು. ಬೇಕಾಗಿರುವುದು ಮಂಚವಲ್ಲ, ಮೀಟರು ಎಂಬುದು ಮೇಲಿನವರಿಗೆ ತಿಳಿದು, ನಾಲ್ಕೇ ದಿನದಲ್ಲಿ ಹದಿನೇಳು ಮೀಟರು ಬಂದವು. ಆ ಮೇಲೆ ಆ ಕೋಣೆಯಿಂದ ಕಳಿಸಿದ ಒಬ್ಬ ರೋಗಿಯೂ ಹಾಸಿಗೆ ಇಲ್ಲವೆಂದು ಆಸ್ಪತ್ರೆಯ ಬಾಗಿಲಿನಿಂದ ವಾಪಸು ಬರಲಿಲ್ಲ. ಇದನ್ನು ಹೇಳಿದ್ದು ವೀಣ ಅಲ್ಲ, ದಿಲೀಪ್.

ಸೆಪ್ಟೆಂಬರಿನಲ್ಲಿ ಕೋಣೆ ಮುಚ್ಚಿದರು. ವೀಣ ಮತ್ತೆ ಜೆರಾಕ್ಸ್ ಅಂಗಡಿಗೆ ಬಂದಳು. ಆದರೆ ಆ ಹದಿನಾಲ್ಕು ಜನರ ಜೊತೆ ಮಾತು ನಿಲ್ಲಲಿಲ್ಲ. ಚಿಕ್ಕಬೋರಮ್ಮನ ಮೊಮ್ಮಗಳ ನಾಮಕರಣಕ್ಕೆ ಹೋಗಿ ಬಂದಳು. ದ್ಯಾವಯ್ಯನ ಮಗನ ಬಿ.ಇಡಿ. ಅರ್ಜಿಯನ್ನು ಅವಳೇ ತುಂಬಿದಳು. ಭಾನುವಾರ ಮುಸುರೆ ತೊಳೆದು ಕೂತ ಮೇಲೆ ಒಬ್ಬೊಬ್ಬರಿಗೂ ಫೋನು ಹಚ್ಚುವುದು ಅಭ್ಯಾಸವಾಗಿಬಿಟ್ಟಿತ್ತು. ಮಾತಿನ ನಡುವೆ, ಈಗ ವಾರ್ಡ್ ಹೆಂಗೈತೆ, ಹೊಸ ಮಂಚ ಬಂದ್ವಾ, ಎಂದು ಕೇಳುತ್ತಿದ್ದಳು. ಪ್ರಸಾದ ನಗುತ್ತಿದ್ದ.

2024ರ ಜೂನಿನ ಒಂದು ಸೋಮವಾರ. ಬೀಗರೂಟಕ್ಕೆ ನಾನು ಹೆಣ್ಣಿನ ಕಡೆಯವನಾಗಿ ಹೋಗಿದ್ದೆ. ಗದ್ದೆ ಬಯಲಲ್ಲಿ ಶಾಮಿಯಾನ, ಮುನ್ನೂರು ಜನ. ಊಟದ ಕೊನೆಗೆ ದೊಡ್ಡ ಹಂಡೆಯಿಂದ ಖೀರು ಬಡಿಸಿದರು. ನನಗೆ ಸಕ್ಕರೆ ಕಾಯಿಲೆ, ಮುಟ್ಟಲಿಲ್ಲ. ಎರಡು ಗಂಟೆಗೆಲ್ಲ ಮೊದಲ ಪಂಕ್ತಿಯವರು ಹೊಟ್ಟೆ ಹಿಡಿದುಕೊಂಡು ಕೂತರು. ಎರಡೂವರೆಗೆ ಶಾಮಿಯಾನದ ತುಂಬ ವಾಂತಿ, ಭೇದಿ, ಮಕ್ಕಳ ಅಳು. ಸ್ವಂತ ಗಾಡಿ ಇದ್ದವರು ಇಪ್ಪತ್ತಾರು ಜನ ಕೆ.ಆರ್. ಪೇಟೆಗೆ ಓಡಿದರು. ನಾನು 108ಕ್ಕೆ ಫೋನು ಮಾಡಿ, ಆಮೇಲೆ ದಿಲೀಪನಿಗೆ ಮಾಡಿದೆ.

"ಸಾರ್, ಎಲ್ರನ್ನೂ ಒಂದೇ ಕಡೆ ಕಳಿಸ್ಬೇಡಿ. ಒಂದು ನಂಬರಿಂದ ಈಗ ಫೋನ್ ಬರುತ್ತೆ. ಆಕೆ ಹೇಳಿದ ಹಾಗೆ ಮಾಡಿ. ಮೇಲಿನವರಿಗೆ ನಾನು ಹೇಳಿಕೊಳ್ತೀನಿ" ಎಂದ ಅವನು.

ಎರಡು ನಿಮಿಷಕ್ಕೆ ಫೋನು ಬಂತು. "ಮೇಷ್ಟ್ರೇ, ನಾನು ವೀಣ. ಕಾಯಿಲೆ ಬಿದ್ದೋರು ಎಷ್ಟು ಜನ? ಅಂದಾಜು ಬೇಡ, ಎಣ್ಸಿ ಹೇಳಿ."

ಎಣಿಸಿದೆ. ತೊಂಬತ್ತೊಂದು.

"ನಡೆಯೋಕೆ ಆಗದಿರೋರು ಎಷ್ಟು? ವಯಸ್ಸಾದೋರು, ಬಸುರಿ, ಎಳೇ ಮಕ್ಕಳು ಬೇರೆ ಹೇಳಿ." ಹೇಳಿದೆ. "ಇಪ್ಪತ್ತು ನಿಮಿಷ ಕೊಡಿ. ಅಷ್ಟರಲ್ಲಿ ಸಿಕ್ಕ ಗಾಡಿಗಳನ್ನ ನಿಲ್ಸಿ, ಆದ್ರೆ ಯಾವ್ದೂ ನಂಗೆ ಹೇಳ್ದೆ ಹೊರಡಬಾರ್ದು. ಎಲ್ರಿಗೂ ಉಪ್ಪು ಸಕ್ಕರೆ ನೀರು ಕುಡಿಸ್ತಾ ಇರಿ."

ಆ ಇಪ್ಪತ್ತು ನಿಮಿಷ ಅವಳು ಏನು ಮಾಡಿದಳೆಂದು ಆಮೇಲೆ ತಿಳಿಯಿತು. ಜೆರಾಕ್ಸ್ ಅಂಗಡಿಯ ಶಟರು ಅರ್ಧ ಎಳೆದು ಮೊದಲು ಚಿಕ್ಕಬೋರಮ್ಮನಿಗೆ ಫೋನು ಮಾಡಿದಳು. ಖಾಲಿ ಮಂಚ ಎಷ್ಟು ಎಂದು ಕೇಳಿದ್ದಕ್ಕೆ ಅವರು ಅಂದರಂತೆ, "ಇದು ಕೊರೊನಾ ಅಲ್ಲ ಕಣವ್ವ. ಮಂಚ ಇಲ್ದಿದ್ರೆ ಚಾಪೆ ಹಾಸ್ತೀನಿ. ಗ್ಲೂಕೋಸ್ ನೇತಾಕಾಕೆ ಕಿಟಕಿ ಸರಳು ಅವೆ. ಕಕ್ಕಸು ಎಷ್ಟು ಅಂತ ಕೇಳು. ಒಂದು ಕಕ್ಕಸಿಗೆ ಎಂಟು ಜನರ ಮೇಲೆ ಬಂದ್ರೆ ಆಗಾಕಿಲ್ಲ." ವೀಣ ಕೂಡಲೇ ಲೆಕ್ಕವನ್ನೇ ಬದಲಿಸಿದಳು. ಉಳಿದವರಿಗೆಲ್ಲ ಕೇಳಿದ್ದು ಮೂರೇ ಪ್ರಶ್ನೆ. ನೀರು ಬರುವ ಕಕ್ಕಸು ಎಷ್ಟು, ಗ್ಲೂಕೋಸ್ ಬಾಟಲಿ ಎಷ್ಟು, ಸೂಜಿ ಚುಚ್ಚುವ ಕೈ ಎಷ್ಟು.

ಮೂರು ಗಂಟೆಗೆ ಮೊದಲ ಗಾಡಿ ಹೊರಟಿತು. ಎರಡು ಆಂಬುಲೆನ್ಸು, ಒಂದು ಶಾಲೆ ವ್ಯಾನು, ಟೆಂಪೋ, ಗೂಡ್ಸ್ ಆಟೋಗಳು, ಯಾರದೋ ಜೀಪು. ಪ್ರತಿ ಗಾಡಿಗೂ ಅವಳು ಊರಿನ ಜೊತೆ ಒಂದು ಹೆಸರು ಹೇಳುತ್ತಿದ್ದಳು. "ಇದು ನಾಗಮಂಗಲಕ್ಕೆ. ಗೇಟಲ್ಲಿ ದ್ಯಾವಯ್ಯ ಅಂತ ನಿಂತವ್ರೆ, ಖಾಕಿ ಅಂಗಿ." ಆ ಹೆಸರು ಕೇಳಿದರೆ ಹೆದರಿದವರ ಮುಖದಲ್ಲಿ ಸ್ವಲ್ಪ ಧೈರ್ಯ ಬರುತ್ತಿತ್ತು. ಗಾಡಿಯ ನಂಬರು, ಏರಿದವರ ಸಂಖ್ಯೆ ನಾನು ಕಾಗದದ ಊಟದ ತಟ್ಟೆಯ ಹಿಂದೆ ಬರೆದುಕೊಳ್ಳುತ್ತ ಹೋದೆ.

ನಾಲ್ಕನೇ ಗಾಡಿಯ ಹತ್ತಿರ ಗಂಡಿನ ದೊಡ್ಡಪ್ಪ ಚಿಕ್ಕಸ್ವಾಮಿ ಅಡ್ಡ ನಿಂತರು. ಅವರಿಗೂ ಕಾಯಿಲೆ, ಬೆವೆತು ಹೋಗಿದ್ದರು. ಆದರೂ, ಗಂಡಿನ ದೊಡ್ಡಪ್ಪ ಬಂದರು ಎಂದು ನಾನು ವೀಣಳಿಗೆ ಹೇಳುತ್ತಿದ್ದಂತೆಯೇ ನನ್ನ ಕೈಯಿಂದ ಫೋನು ಕಿತ್ತುಕೊಂಡರು.

"ಯಾರವ್ವ ನೀನು? ಕೆ.ಆರ್. ಪೇಟೆ ಇಲ್ಲೇ ಅದೆ. ಅದನ್ನ ಬುಟ್ಟು ನಮ್ಮ ಜನನ ಶ್ರೀರಂಗಪಟ್ಟಣಕ್ಕೆ ಕಳುಸ್ತೀಯಾ? ದಾರೀಲಿ ಏನಾರ ಆದ್ರೆ ನೀನು ಹೊಣೆನಾ?"

"ಹೊಣೆ ನಂದೇ ಅಣ್ಣ" ಎಂದಳು ಅವಳು. ದನಿ ಏರಿಸಲಿಲ್ಲ. "ಹತ್ರದ ಆಸ್ಪತ್ರೇಲಿ ಇಪ್ಪತ್ತಾರು ಜನ ಆಗ್ಲೇ ಬಂದವ್ರೆ. ಇನ್ನು ಹದಿನಾಲ್ಕು ಜನಕ್ಕೆ ಜಾಗ ಅದೆ. ಅದನ್ನ ದೂರ ತಡೆಯದೇ ಇರೋರಿಗೆ ಅಂತ ಮಡಗಿವ್ನಿ. ಗಂಡಿನ ಅಜ್ಜಿ, ನಿಮ್ಮ ತಾಯಿ, ಎಂಬತ್ತು ದಾಟಿದೋರು ಅಲ್ಲೇ ಅವ್ರೆ ಅಂತ ಮೇಷ್ಟ್ರು ಹೇಳಿದ್ರಲ್ಲ? ಅವ್ರು ಈಗ್ಲೇ ಅಲ್ಲಿಗೆ ಹೋಗ್ತಾರೆ. ಗಟ್ಟಿ ಇರೋರು ದೂರ ಹೋದ್ರೆ ತಾನೇ ಅವ್ರಿಗೆ ಹತ್ರ ಸಿಗೋದು? ನೀವು ಗಂಟೆ ಹೊತ್ತು ತಡ್ಕೊಳ್ತೀರಿ. ಅವ್ರು ತಡ್ಕೊಳ್ತಾರಾ?"

ಚಿಕ್ಕಸ್ವಾಮಿ ಶಾಮಿಯಾನದ ಮೂಲೆಯಲ್ಲಿ ಮಲಗಿದ್ದ ತಾಯಿಯನ್ನು ನೋಡಿದರು. ಫೋನನ್ನು ನನ್ನ ಕೈಗೆ ಕೊಟ್ಟು, "ಆಯ್ತು ಬುಡಿ ಮೇಷ್ಟ್ರೇ, ದೂರದ್ದಕ್ಕೆ ನಾನೇ ಹೋಯ್ತೀನಿ. ಬನ್ರಲಾ, ಗಟ್ಟಿ ಇರೋರೆಲ್ಲ ನನ್ ಜೊತೆ ಹತ್ಕಳ್ರಿ" ಎಂದು ತಾವೇ ಟೆಂಪೋ ಹತ್ತಿದರು. ಆಮೇಲೆ ಯಾರೂ ಎದುರು ಮಾತಾಡಲಿಲ್ಲ.

ನಾಲ್ಕೂವರೆಗೆ ಶಾಮಿಯಾನ ಖಾಲಿಯಾಯಿತು. ಐದೂಕಾಲಿಗೆ ಕೊನೆಯ ಗಾಡಿಯೂ ಸೇರಿತು ಎಂದು ವೀಣ ಹೇಳಿದಳು. ನಾನು ಕುರ್ಚಿಯ ಮೇಲೆ ಕುಸಿದು ಕೂತೆ. ಆಗ ಅವಳು ಕೇಳಿದಳು.

"ಮೇಷ್ಟ್ರೇ, ನೀವು ಹತ್ತಿಸಿದ್ದು ಎಷ್ಟು?"

"ತೊಂಬತ್ತೊಂದು."

"ಇಳಿದಿರೋದು ತೊಂಬತ್ತು."

"ಆ ಗಲಾಟೇಲಿ ನಾನೇ ಒಂದು ಹೆಚ್ಚು ಎಣಿಸಿರಬೇಕಮ್ಮ" ಎಂದೆ. ನಿಜವಾಗಿಯೂ ಹಾಗೇ ಅಂದುಕೊಂಡೆ. ತೊಂಬತ್ತೊಂದರಲ್ಲಿ ಒಂದು ತಪ್ಪಿದರೆ ಅದೇನು ಮಹಾ?

"ನಿಮ್ಮ ಲೆಕ್ಕ ಸರಿ ಅಂತಾನೇ ಇಟ್ಕೊಂಡು ಹುಡುಕೋಣ. ತಪ್ಪಾಗಿದ್ರೆ ಅರ್ಧ ಗಂಟೆ ವ್ಯರ್ಥ, ಅಷ್ಟೇ. ಗಾಡಿ ಗಾಡಿ ಓದ್ತಾ ಹೋಗಿ."

ತಟ್ಟೆ ಹಿಡಿದು ಒಂದೊಂದೇ ಓದಿದೆ. ಅವಳು ಆ ಕಡೆ ತಾನು ಬರೆದದ್ದಕ್ಕೆ ಹೊಂದಿಸುತ್ತ ಹೋದಳು. ಒಂಬತ್ತನೇ ಗಾಡಿ, ಪಾಂಡವಪುರಕ್ಕೆ ಹೋದ ಗೂಡ್ಸ್ ಆಟೋ. ನಾನು ಹತ್ತಿಸಿದ್ದು ಏಳು, ಇಳಿದದ್ದು ಆರು. ಅವಳು ಡ್ರೈವರಿಗೆ ಫೋನು ಮಾಡಿಸಿದಳು. ದಾರಿಯಲ್ಲಿ ಒಂದು ಕೆರೆ ಏರಿಯ ಹತ್ತಿರ ಯಾರೋ ವಾಂತಿಗೆಂದು ನಿಲ್ಲಿಸಿದ್ದರು, ಎಲ್ಲರೂ ಹತ್ತಿದರು ಅಂತಲೇ ತಿಳಿದು ಹೊರಟೆ ಎಂದ ಅವನು.

ನಾನು ಊರಿನವರೊಬ್ಬರ ಬೈಕಿನ ಹಿಂದೆ ಕೂತು ಆ ಏರಿಗೆ ಹೋದೆ. ಫೋನು ಕಿವಿಯಲ್ಲೇ ಇತ್ತು. ಇನ್ನೂ ಬಿಸಿಲಿತ್ತು. ಏರಿಯ ಕೆಳಗೆ ಪಂಪ್‌ಹೌಸಿನ ಹಿಂದೆ, ಹೊಂಗೆ ಮರದ ಬುಡದಲ್ಲಿ ಒಬ್ಬ ಹೆಂಗಸು ಮಗ್ಗುಲಾಗಿ ಮಲಗಿದ್ದರು. ಚೆಲುವಮ್ಮ. ಬೀಗರ ಪೈಕಿಯಲ್ಲ, ಪಾತ್ರೆ ತೊಳೆಯಲು ಬಂದವರು. ಹಂಡೆ ತೊಳೆಯುವ ಮುಂಚೆ ಉಳಿದ ಖೀರು ಕುಡಿದಿದ್ದರು. ಆಟೋದಲ್ಲಿ ಸೀರೆ ಹೊಲಸಾಗಿ, ಗಂಡಸರ ಮುಂದೆ ನಾಚಿಕೆಯಾಗಿ, ತೊಳೆದುಕೊಂಡು ಬರುತ್ತೇನೆಂದು ಇಳಿದವರಿಗೆ ಮತ್ತೆ ಏಳಲು ಆಗಿರಲಿಲ್ಲ. ಯಾರ ಮನೆಯ ಹೆಂಗಸೂ ಅಲ್ಲವಾದ್ದರಿಂದ ಯಾರೂ ಅವರನ್ನು ಹುಡುಕಿರಲಿಲ್ಲ. ಕಣ್ಣು ಗುಳಿ ಬಿದ್ದಿತ್ತು, ಕೈ ತಣ್ಣಗಿತ್ತು. ಉಸಿರಿತ್ತು.

"ಸಿಕ್ಕಿದರಮ್ಮ" ಎಂದೆ.

"ಅಲ್ಲೇ ಇರಿ. ಆಂಬುಲೆನ್ಸು ಬರ್ತಾ ಅದೆ. ಅವ್ರ ಮೈಮೇಲೆ ಹೊದಿಯೋಕೆ ಏನಾರ ಕೊಡಿ, ನಾಚ್ಕೊಂಡವ್ರೆ ಪಾಪ" ಎಂದಳು ವೀಣ. ನಾನು ಹೆಗಲ ಮೇಲಿನ ಶಲ್ಯವನ್ನು ಹೊದಿಸಿದೆ. ಇನ್ನು ಒಂದು ಗಂಟೆ ತಡವಾಗಿದ್ದರೆ ಕಷ್ಟವಾಗುತ್ತಿತ್ತು ಎಂದು ಆಮೇಲೆ ಡಾಕ್ಟರು ಹೇಳಿದರು.

ಒಟ್ಟು ನೂರಹದಿನೇಳು ಜನ. ಒಬ್ಬರೂ ಸಾಯಲಿಲ್ಲ. ಚಿಕ್ಕಸ್ವಾಮಿಯ ತಾಯಿ ಮೂರನೇ ದಿನ ಮನೆಗೆ ಬಂದರು. ಚೆಲುವಮ್ಮ ಎಂಟು ದಿನ ಇದ್ದರು. ಪರೀಕ್ಷೆಗೆ ಕಳಿಸಿದಾಗ ಖೀರಿನ ಹಾಲು ಕೆಟ್ಟಿದ್ದದ್ದು ಗೊತ್ತಾಯಿತು.

ಮುಂದಿನ ವಾರ ನಾನು ಪಾಂಡವಪುರಕ್ಕೆ ಹೋದೆ. ಬಾಗಿಲು ತೆರೆದದ್ದು ನನ್ನ ಎದೆಯೆತ್ತರದ, ಸಣಕಲು ದೇಹದ ಹೆಂಗಸು. ಕೈಯಲ್ಲಿ ದೋಸೆ ಮಗುಚುವ ಸಟ್ಟುಗ. ಮೂರು ಗಂಟೆ ಕಾಲ ತೊಂಬತ್ತೊಂದು ಜನರನ್ನು ನಡೆಸಿದ ದನಿ ಇದರೊಳಗಿಂದಲೇ ಬಂದದ್ದೇ ಎಂದು ಒಂದು ಗಳಿಗೆ ನಂಬಲಾಗಲಿಲ್ಲ. ನಾನು ಕೈ ಮುಗಿದೆ. ಅವಳು ಗಾಬರಿಯಾಗಿ, "ಅಯ್ಯೋ, ಮೇಷ್ಟ್ರಾಗಿ ನೀವು ಕೈ ಮುಗೀತೀರಾ, ಒಳಗ್ ಬನ್ನಿ, ದೋಸೆ ಸೀದೋಗ್ತದೆ" ಎಂದು ಓಡಿದಳು.

ದಿಲೀಪ್ ಮೇಲಿನವರಿಗೆ ಬರೆದ ಕಾಗದದ ಫಲವಾಗಿ ಆ ವರ್ಷದ ಕೊನೆಗೆ ಕೋಣೆ ಮತ್ತೆ ತೆರೆಯಿತು. ಈ ಸಲ ಕೊರೊನಾಕ್ಕೆ ಅಂತಲ್ಲ, ಅಪಘಾತ, ಬೆಂಕಿ, ಪ್ರವಾಹ, ಏನೇ ಬಂದರೂ ಎಂದು. ವೀಣಳಿಗೆ ಅಲ್ಲಿ ಕೆಲಸ ಸಿಕ್ಕಿತು. ನಾಲ್ಕು ತಾಲ್ಲೂಕಿನಿಂದ ಕಂಪ್ಯೂಟರ್ ಬಲ್ಲ ಹತ್ತು ಜನ ಯುವಕ ಯುವತಿಯರನ್ನು ತರಬೇತಿಗೆ ಕಳಿಸಿದರು. ನೋಡಲು ನಾನೂ ಹೋಗಿದ್ದೆ. ವೀಣ ಅವರಿಗೆ ಕಂಪ್ಯೂಟರ್ ಮುಟ್ಟಲು ಬಿಡಲಿಲ್ಲ. ಮೊದಲ ಎರಡು ದಿನ ಚಿಕ್ಕಬೋರಮ್ಮನ ಹಿಂದೆ ವಾರ್ಡು ಸುತ್ತಿಸಿದಳು. ನಿವೃತ್ತಿಯಾಗಿದ್ದ ಮುದುಕಿ ಹೊಸ ಸೀರೆ ಉಟ್ಟು, ಕೈ ಹಿಂದೆ ಕಟ್ಟಿಕೊಂಡು, ನನಗಿಂತ ಬಿಗಿಯಾದ ಮೇಷ್ಟರಂತೆ ನಡೆಯುತ್ತಿದ್ದರು.

ಒಬ್ಬ ಹುಡುಗ ವಾರ್ಡಿನ ಬಾಗಿಲಲ್ಲೇ ನಿಂತು, ಮಂಚಗಳ ಕಡೆ ಬೆರಳು ಆಡಿಸಿ, "ಹನ್ನೆರಡು" ಎಂದು ಬರೆದುಕೊಂಡ.

"ಬಾಗಿಲಲ್ಲಿ ನಿಂತ್ಕಂಡು ಏನ್ಲಾ ಎಣ್ಸೀಯೆ?" ಎಂದರು ಚಿಕ್ಕಬೋರಮ್ಮ. "ಒಳಗ್ ಬಾ. ನಲ್ಲಿ ತಿರುಗ್ಸಿ ನೋಡು. ಆ ಅಜ್ಜಿ ಏನೋ ಕೇಳ್ತಾ ಅದೆ, ಮೊದ್ಲು ಓಗೊಡು, ಆಮೇಲೆ ಬರ್ಕೊಳ್ಳುವಂತೆ."

ಹುಡುಗ ಪೆನ್ನು ಜೇಬಿಗಿಟ್ಟು ಒಳಗೆ ಹೋದ.